ಎಂಟು ರೋಗಿಗಳಿಗೂ ಒಂದೇ ಉಸಿರು

ಪ್ರಶ್ನೆ: ನಾನು ಬಿ.ಎಸ್ಸಿ. ನರ್ಸಿಂಗ್ ಕಾಲೇಜೊಂದರಲ್ಲಿ ಬೋಧಕಿ. ನನ್ನ ವಿದ್ಯಾರ್ಥಿನಿಯೊಬ್ಬಳು ಸಮವಸ್ತ್ರ, ಸಮಯಪಾಲನೆ, ನಡೆನುಡಿ ಎಲ್ಲದರಲ್ಲೂ ಮುಂದಿದ್ದಾಳೆ. ಆದರೆ ಮೊನ್ನೆ ಅವಳು ಬರೆದ ಟಿಪಿಆರ್ (ದೇಹದ ಉಷ್ಣತೆ, ನಾಡಿ, ಉಸಿರಾಟ) ಚಾರ್ಟ್‌ಗಳನ್ನು ನೋಡಿದರೆ ಎಂಟೂ ರೋಗಿಗಳ ಉಸಿರಾಟ ನಿಮಿಷಕ್ಕೆ 20 ಎಂದೇ ಇತ್ತು. ಎಣಿಸದೆಯೇ ಬರೆದಿದ್ದಾಳೆಂಬುದು ನನ್ನ ಅನುಮಾನ. ಇಂಥವಳಿಗೆ ವೃತ್ತಿಪರತೆಯ ಅಂಕವನ್ನು ಹೇಗೆ ಕೊಡಲಿ?

ಒಬ್ಬ ಬೋಧಕಿ, ದಾವಣಗೆರೆ

ಉತ್ತರ: ಆ ಇಪ್ಪತ್ತು ನಿಮ್ಮ ವಿದ್ಯಾರ್ಥಿನಿ ಕಂಡುಹಿಡಿದದ್ದಲ್ಲ. ಜ್ವರಕ್ಕೆ ಥರ್ಮಾಮೀಟರ್ ಇದೆ, ಬಿಪಿಗೆ ಯಂತ್ರವಿದೆ. ಉಸಿರಾಟಕ್ಕೆ ಮಾತ್ರ ರೋಗಿಗೆ ಗೊತ್ತಾಗದಂತೆ, ನಾಡಿ ಹಿಡಿದ ಕೈಯನ್ನು ಬಿಡದೆ, ಎದೆಯ ಏರಿಳಿತವನ್ನು ಪೂರ್ತಿ ಒಂದು ನಿಮಿಷ ನೋಡುತ್ತ ನಿಲ್ಲಬೇಕು. ರೋಗಿಯ ಸ್ಥಿತಿ ಬಿಗಡಾಯಿಸುವಾಗ ಎಷ್ಟೋ ಸಲ ರಕ್ತದೊತ್ತಡ ಇಳಿಯುವುದಕ್ಕೂ ಮೊದಲೇ ಉಸಿರಾಟದ ವೇಗ ಏರಿರುತ್ತದೆ. ಹೀಗಿದ್ದೂ ವಾರ್ಡಿನ ಗಡಿಬಿಡಿಯಲ್ಲಿ ಮೊದಲು ಬಿಟ್ಟುಹೋಗುವುದು ಆ ಒಂದು ನಿಮಿಷವೇ, ಮತ್ತು ಹಾಗೆ ಎಣಿಸದೆ ಬರೆಯುವುದನ್ನು ವಿದ್ಯಾರ್ಥಿಗಳು ಕಲಿಯುವುದು ಬಹುಮಟ್ಟಿಗೆ ಹಿರಿಯರನ್ನು ನೋಡಿಯೇ.

ಭಾರತೀಯ ನರ್ಸಿಂಗ್ ಪರಿಷತ್ತು 2021ರಲ್ಲಿ ಪರಿಷ್ಕರಿಸಿದ ಪಠ್ಯಕ್ರಮದಲ್ಲಿ ವೃತ್ತಿಪರತೆ, ವೃತ್ತಿಮೌಲ್ಯ ಹಾಗೂ ನೀತಿಯನ್ನು ಪ್ರತ್ಯೇಕ ವಿಷಯವಾಗಿಯೇ ಸೇರಿಸಲಾಗಿದೆ. ಅದು ಒಳ್ಳೆಯದೇ. ಆದರೆ ಪ್ರಾಮಾಣಿಕತೆ ಎಂದರೇನೆಂದು ಉತ್ತರಪತ್ರಿಕೆಯಲ್ಲಿ ಚೆನ್ನಾಗಿ ಬರೆಯಬಲ್ಲವಳು ಹಾಸಿಗೆಯ ಬಳಿ ಹೇಗೆ ನಡೆದುಕೊಳ್ಳುತ್ತಾಳೆಂಬುದು ಆ ಪತ್ರಿಕೆಯಿಂದ ತಿಳಿಯುವುದಿಲ್ಲ. ಇಸ್ತ್ರಿ ಮಾಡಿದ ಸಮವಸ್ತ್ರದಿಂದಂತೂ ತಿಳಿಯುವುದೇ ಇಲ್ಲ. (ನಮ್ಮ ಮೌಲ್ಯಮಾಪನ ನಮೂನೆಗಳಲ್ಲಿ ಜಡೆಗೂ ಉಗುರಿಗೂ ಸಿಕ್ಕಿರುವ ಜಾಗ ನನಗೆ ಸದಾ ಹೆಚ್ಚೆನಿಸಿದೆ.)

ಆದ್ದರಿಂದ ಸದ್ಯಕ್ಕೆ ಅಂಕದ ಮಾತು ಬದಿಗಿರಲಿ. ಅವಳನ್ನು ಎಲ್ಲರೆದುರು ಗದರಿಸದೆ, ಚಾರ್ಟ್ ಸಮೇತ ಒಬ್ಬ ರೋಗಿಯ ಹಾಸಿಗೆಯ ಬಳಿಗೆ ಕರೆದೊಯ್ದು, ಇಬ್ಬರೂ ಗಡಿಯಾರ ನೋಡಿಕೊಂಡು ಎಣಿಸಿ. ಆಮೇಲೆ ಹೊರಗೆ ಬಂದು, "ಬೆಳಿಗ್ಗೆ ಹೇಗೆ ಎಣಿಸಿದೆಯಮ್ಮ?" ಎಂದಷ್ಟೇ ಕೇಳಿ. "ಎಣಿಸಲಿಲ್ಲ ಮೇಡಂ" ಎಂದು ಅವಳು ಒಪ್ಪಿಕೊಂಡರೆ ಆ ಒಪ್ಪಿಗೆಯನ್ನೂ ದಾಖಲಿಸಿ. ಒಪ್ಪಿಕೊಂಡ ಕ್ಷಣವೇ ಅಂಕ ಕಡಿದರೆ, ನಾಳೆ ತಪ್ಪು ಔಷಧಿ ಕೊಟ್ಟಾಗಲೂ ಬಾಯಿ ಮುಚ್ಚಿಕೊಂಡಿರುವುದೇ ಲೇಸೆಂದು ಅವಳಿಗಷ್ಟೇ ಅಲ್ಲ, ಇಡೀ ತಂಡಕ್ಕೆ ಕಲಿಸಿದಂತಾಗುತ್ತದೆ. ತಿದ್ದಿ ಹೇಳಿದ ಮೇಲೂ ಅದೇ ಮರುಕಳಿಸಿದರೆ ದಾಖಲೆ ತಿರುಚಿದ್ದೆಂದೇ ಪರಿಗಣಿಸಿ, ಅಂಕವನ್ನು ಹಿಡಿದಿಡಲು ಹಿಂಜರಿಯಬೇಡಿ.

ದಾಖಲಿಸುವಾಗ "ಬೇಜವಾಬ್ದಾರಿ" ಎಂಬಂಥ ವಿಶೇಷಣ ಬೇಡ. ದಿನಾಂಕ, ವಾರ್ಡು, ಕಂಡದ್ದು, ಅವಳು ಹೇಳಿದ್ದು ಇಷ್ಟನ್ನೇ ಬರೆದು ಅವಳಿಗೂ ಓದಿಸಿ ಸಹಿ ಪಡೆಯಿರಿ. ಒಬ್ಬರ ಕಣ್ಣು ಸಾಲದು. ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ಮತ್ತು ಇನ್ನೊಬ್ಬ ಬೋಧಕರ ಟಿಪ್ಪಣಿಗಳೂ ಪೋಸ್ಟಿಂಗ್‌ನ (ವಾರ್ಡಿನಲ್ಲಿನ ತರಬೇತಿ ಅವಧಿಯ) ಉದ್ದಕ್ಕೂ ಸೇರಲಿ. ಸೆಮಿಸ್ಟರಿನ ಕೊನೆಯಲ್ಲಿ ನೆನಪಿನಿಂದ ಹಾಕುವ ಅಂಕ ಹೆಚ್ಚಾಗಿ ನಮ್ಮ ಇಷ್ಟಾನಿಷ್ಟದ ಅಂಕವೇ ಆಗಿರುತ್ತದೆ.

ಮುಂದಿನ ವಾರ ಅವಳ ಚಾರ್ಟ್‌ನಲ್ಲಿ 16, 22, 18 ಎಂದು ಬೇರೆಬೇರೆ ಅಂಕಿಗಳು ಕಂಡರೂ ಯಾವುದಾದರೊಂದು ಹಾಸಿಗೆಯ ಬಳಿ ನಿಂತು ನೀವೂ ಒಮ್ಮೆ ಎಣಿಸಿ ನೋಡಿ. ಜಾಣ ಹುಡುಗಿಗೆ ಬೇರೆಬೇರೆ ಅಂಕಿ ಬರೆಯುವುದೂ ಕಷ್ಟವಲ್ಲ.