ಸರ್ಜನ್‌ಗಳ ಸಂಘಕ್ಕೆ ಸೇರಿದರೆ ಕಲಿಕೆಗೆ ಏನಾದರೂ ಉಪಯೋಗ ಇದೆಯಾ?

ಎಂಎಸ್ ಜನರಲ್ ಸರ್ಜರಿಗೆ ಸೀಟು ಸಿಕ್ಕಿದೆ ಅಂತ ಬರೆದಿದ್ದೀರಿ, ಅಭಿನಂದನೆ. ಎಎಸ್‌ಐ (ಭಾರತದ ಸರ್ಜನ್‌ಗಳ ಸಂಘ), ಅಮಾಸಿ (ಸಣ್ಣ ತೂತಿನ ಸರ್ಜರಿ ಮಾಡುವವರ ಸಂಘ) ತರಹದ ಸಂಘಗಳಿಂದ ನಿಜವಾಗಿ ಏನಾದರೂ ಕಲಿಯಬಹುದಾ, ಅಥವಾ ಹೆಸರಿನ ಹಿಂದೆ ನಾಲ್ಕು ಅಕ್ಷರ ಸೇರುತ್ತದೆ ಅಷ್ಟೇನಾ ಅನ್ನುವುದು ನಿಮ್ಮ ಪ್ರಶ್ನೆ.

ನಾನು ಬದಿಯಡ್ಕದವನು, ಈಗ ಕಾಸರಗೋಡಿನಲ್ಲಿ ಸರ್ಜನ್. ಲ್ಯಾಪ್ರೊಸ್ಕೋಪಿಯಲ್ಲಿ, ಅಂದರೆ ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮರಾದಲ್ಲಿ ನೋಡುತ್ತಾ ಮಾಡುವ ಸರ್ಜರಿಯಲ್ಲಿ, ಹೊಲಿಗೆ ಹಾಕಲು ನಾನು ಕಲಿತದ್ದೇ ಸಂಘದ ಕೋರ್ಸಿನಲ್ಲಿ.

ಡಿಗ್ರಿಗೆ ನಿಯಮ ಮಾಡುವುದು ರಾಷ್ಟ್ರೀಯ ವೈದ್ಯಕೀಯ ಆಯೋಗ (ಎನ್‌ಎಂಸಿ). ಆದರೆ ಹೊಸ ವಿದ್ಯೆ ಬಂದಾಗ ಸಿಲೆಬಸ್ ನಿಧಾನಕ್ಕೆ ಹಿಂದಿನಿಂದ ಬರುತ್ತದೆ. 1990ರಲ್ಲಿ ಮುಂಬೈಯಲ್ಲಿ ಡಾ. ತೆಹೆಮ್ಟನ್ ಉದ್ವಾಡಿಯಾ ಲ್ಯಾಪ್ರೊಸ್ಕೋಪಿಯಲ್ಲಿ ಪಿತ್ತಕೋಶ ತೆಗೆದರು. ಆಗಲೇ ಪ್ರಾಕ್ಟೀಸ್ ಮಾಡುತ್ತಿದ್ದ ಸರ್ಜನ್‌ಗಳು ಅದನ್ನು ಕಲಿಯಲು ಪುನಃ ಕಾಲೇಜಿಗೆ ಸೇರಲು ಆಗುತ್ತದಾ? ಕಲಿಸುವ ಕೆಲಸವನ್ನು ಸಂಘಗಳು ಕೈಗೆತ್ತಿಕೊಂಡವು. 1938ರಿಂದ ಎಎಸ್‌ಐ ಇತ್ತು, 1993ರಲ್ಲಿ ಹೊಟ್ಟೆ-ಕರುಳಿನ ಎಂಡೋಸ್ಕೋಪಿ ಸರ್ಜನ್‌ಗಳ ಸಂಘವಾದ ಐಎಜಸ್ ಹುಟ್ಟಿತು, ಆಮೇಲೆ ಅಮಾಸಿ ಬಂತು.

ನಾನು ಓದಿದ ಕಾಲೇಜಿನಲ್ಲಿ ಲ್ಯಾಪ್ರೊಸ್ಕೋಪಿ ಸೆಟ್ ಒಂದೇ ಇತ್ತು. ಮೂರು ವರ್ಷ ಕ್ಯಾಮರಾ ಹಿಡಿದದ್ದೇ ಜಾಸ್ತಿ. ಕೋರ್ಸಿನಲ್ಲಿ ಮೊದಲ ಸಲ ಸೂಜಿ ಹಿಡಿಯುವ ನೀಡಲ್ ಹೋಲ್ಡರ್ ಕೈಗೆ ಬಂತು. ಕೈ ಬಲಕ್ಕೆ ಹೋದರೆ ತುದಿ ಎಡಕ್ಕೆ ಹೋಗುತ್ತದೆ. ಪರದೆಯಲ್ಲಿ ಆಳ ತಿಳಿಯುವುದಿಲ್ಲ. ಸೂಜಿ ಹಿಡಿದೆ ಅಂದುಕೊಳ್ಳುವಷ್ಟರಲ್ಲಿ ಅದು ಮಗುಚಿ ಬೀಳುತ್ತದೆ. ಹಿಂದೆ ನಿಂತಿದ್ದ ಹಿರಿಯರು ನನ್ನ ಮೊಣಕೈ ಮುಟ್ಟಿ, "ಇದು ಕೆಳಗಿರಲಿ, ಭುಜ ಸಡಿಲ ಬಿಡಿ" ಅಂದರು. ಆಗ ಮೊದಲ ಗಂಟು ಕೂತಿತು. ಆ ಮಾತು ಯಾವ ಪುಸ್ತಕದಲ್ಲೂ ನನಗೆ ಸಿಕ್ಕಿರಲಿಲ್ಲ.

ಆದರೆ ಎರಡು ಮೂರು ದಿನದ ಕೋರ್ಸಿಗೆ ಕೈ ಪಳಗುವುದಿಲ್ಲ. ಮನೆಗೆ ಬಂದು ರಟ್ಟಿನ ಪೆಟ್ಟಿಗೆಗೆ ಎರಡು ತೂತು ಮಾಡಿದೆ, ಮೇಲೆ ಮೊಬೈಲ್ ಕ್ಯಾಮರಾ ಇಟ್ಟೆ, ಒಳಗೆ ನಮ್ಮ ಹಳೆಯ ಚೆನ್ನೆಮಣೆ, ಗುಳಿಗಳಿರುವ ಆಟದ ಮಣೆ. ಆಟದ ಕೆಂಪು ಬೀಜ ಮಂಜೊಟ್ಟಿ ಕಾಯಿಯನ್ನು ಉದ್ದ ಚಿಮಟದಂಥ ಗ್ರಾಸ್ಪರ್‌ನಲ್ಲಿ ಒಂದು ಗುಳಿಯಿಂದ ಇನ್ನೊಂದಕ್ಕೆ ಹಾಕುವುದು. ತುಳುನಾಡಿನ ಮಳೆಗಾಲದ ಆಟಿ ತಿಂಗಳು ಕಳೆದ ಮೇಲೆ ಚೆನ್ನೆ ಮುಟ್ಟಬಾರದು ಅಂತ ಅಮ್ಮ ಹೇಳಿದರೂ, ಯಾಕೆ ಅಂತ ಗೊತ್ತಾದ ಮೇಲೆ ಅವರೇ ಕಾಯಿ ಆರಿಸಿ ಕೊಟ್ಟರು.

ಅಮೆರಿಕದಲ್ಲಿ ಸೇಜಸ್ ಅನ್ನುವ ಸಂಘ ಇಂಥ ಪೆಟ್ಟಿಗೆಯ ಕೆಲಸಗಳನ್ನೇ ಎಫ್‌ಎಲ್‌ಎಸ್ ಅಂತ ಪರೀಕ್ಷೆ ಮಾಡಿತು. ಈಗ ಅಲ್ಲಿ ಅದು ಪಾಸಾಗದೆ ಸರ್ಜರಿ ಬೋರ್ಡಿನ ಸರ್ಟಿಫಿಕೇಟ್ ಇಲ್ಲ. ನಮ್ಮಲ್ಲಿ ಸಂಘದ ಕೋರ್ಸು ಇಷ್ಟ ಇದ್ದವರಿಗೆ ಮಾತ್ರ. ಇದು ಸರಿಯಲ್ಲ ಅಂತ ನನ್ನ ಅಭಿಪ್ರಾಯ. ಫೀಸು, ರೈಲು, ಲಾಡ್ಜ್ ಖರ್ಚು ಹೊಂದಿಸಲು ಆಗದ ಪಿಜಿ ವಿದ್ಯಾರ್ಥಿಗೂ ಆ ಕಲಿಕೆ ಸಿಗಬೇಕಲ್ವಾ?

ಇನ್ನೊಂದು ಉಪಯೋಗ ನಮ್ಮಂಥ ಗಡಿಯವರಿಗೆ ಬೇಗ ತಿಳಿಯುತ್ತದೆ. ನಾವು ಕೇರಳದವರು, ಆದರೆ ಕಷ್ಟದ ಕೇಸು ಹೋಗುವುದು ಹೆಚ್ಚಾಗಿ ಮಂಗಳೂರಿಗೆ. ಸಂಘದ ಸಭೆಯಲ್ಲಿ ಪರಿಚಯವಾದ ಅಲ್ಲಿನ ಹಿರಿಯರೊಬ್ಬರಿಗೆ ಒಂದು ರಾತ್ರಿ ಥಿಯೇಟರಿನಿಂದಲೇ ಫೋನ್ ಮಾಡಿಸಿದೆ. ಪಿತ್ತಕೋಶದ ಸುತ್ತ ಎಲ್ಲ ಅಂಟಿಕೊಂಡು ಪಿತ್ತನಾಳ ಯಾವುದು, ರಕ್ತನಾಳ ಯಾವುದು ಗೊತ್ತಾಗುತ್ತಿರಲಿಲ್ಲ. "ಕಾಣದಿದ್ದರೆ ಕತ್ತರಿಸಬೇಡಿ. ಹೊಟ್ಟೆ ಓಪನ್ ಮಾಡಿ, ಅದು ಸೋಲಲ್ಲ" ಅಂದರು. ಓಪನ್ ಮಾಡಿದೆ. ರೋಗಿ ಚೆನ್ನಾಗಿದ್ದಾರೆ.

ಹಾಗಾಗಿ ಮೊದಲ ವರ್ಷವೇ ಸದಸ್ಯರಾಗಿ, ಸಭೆಗಳಿಗೆ ಹೋಗಿ. ಕೋರ್ಸು ಎರಡನೇ ವರ್ಷಕ್ಕೆ ಇರಲಿ. ಅದಕ್ಕೆ ಮೊದಲು ಪೆಟ್ಟಿಗೆ ಮಾಡಿಕೊಳ್ಳಿ, ಎಡಗೈಯಿಂದ ಶುರು ಮಾಡಿ.