ಓದುಗರ ಪ್ರಶ್ನೆ: ಮೂತಿ ಮುರಿದ ಮಾದರಿ ವಿಮಾನ, ಬಾಲಕ್ಕೇರಿದ ಭಾರ

ಪ್ರಶ್ನೆ: ನಮ್ಮ ಬಾಲ್ಸಾ ಟ್ರೈನರ್ (ಹಗುರವಾದ ಬಾಲ್ಸಾ ಮರದ, ಹಾರಿಸಲು ಕಲಿಯುವವರ ಮಾದರಿ ವಿಮಾನ) ಮೂತಿ ಕೆಳಗಾಗಿ ಬಿತ್ತು. ರೆಕ್ಕೆಯ ಉದ್ದ ತುದಿಯಿಂದ ತುದಿಗೆ 1.5 ಮೀಟರ್, ಎಲೆಕ್ಟ್ರಿಕ್ ಮೋಟರ್. ಫೈರ್‌ವಾಲ್ (ಮೂತಿಯಲ್ಲಿ ಮೋಟರ್ ಕೂರಿಸುವ ಪ್ಲೈವುಡ್ ತಟ್ಟೆ) ಕಿತ್ತುಬಂದಿದೆ, ಒಡಲಿನ ಎರಡೂ ಪಕ್ಕ ಸೀಳಿವೆ, ಎಡ ರೆಕ್ಕೆ ನಡುಭಾಗದ ಹತ್ತಿರ ಮುರಿದಿದೆ. ಉಳಿಸಬಹುದೇ? ಎಲ್ಲಿಂದ ಶುರು ಮಾಡಲಿ?
– ಎಂಜಿನಿಯರಿಂಗ್ ವಿದ್ಯಾರ್ಥಿ, ಮೈಸೂರು

ಉತ್ತರ: ಖಂಡಿತ ಉಳಿಸಬಹುದು. ಆದರೆ ಮೊದಲ ದಿನ ಅಂಟಿನ ಬಾಟಲಿ ಮುಟ್ಟಬೇಡಿ. ಬಿದ್ದ ಜಾಗದಲ್ಲಿ ಸಿಕ್ಕ ಚಕ್ಕೆ, ಸಿಬಿರು ಎಲ್ಲ ಬೇಕು, ಒಂದನ್ನೂ ಎಸೆಯಬೇಡಿ. ಮುರಿದ ಅಂಚು ಒರಟಾಗಿದೆ ಎಂದು ಉಜ್ಜಿ ಸಪಾಟು ಮಾಡುವವರಿದ್ದಾರೆ. ಅದು ತಪ್ಪು. ಆ ಹಲ್ಲುಹಲ್ಲಾದ ಅಂಚುಗಳೇ ಒಂದರೊಳಗೊಂದು ಕೂತು ಹಳೆಯ ಅಳತೆಯನ್ನು ತಾವಾಗಿಯೇ ಹಿಡಿದುಕೊಡುತ್ತವೆ.

ಸೀಳಿನ ಸುತ್ತ ನಾಲ್ಕೈದು ಸೆಂ.ಮೀ. ಫಿಲ್ಮ್ (ಮರದ ಮೇಲೆ ಬಿಸಿಯಿಂದ ಅಂಟಿಸಿದ ತೆಳು ಪ್ಲಾಸ್ಟಿಕ್ ಹೊದಿಕೆ) ಸುಲಿದುಹಾಕಿ. ಕತ್ತಲ ಕೋಣೆಯಲ್ಲಿ ಒಡಲಿನೊಳಗೆ ಸಣ್ಣ ಟಾರ್ಚ್ ಇಟ್ಟರೆ ಕಣ್ಣಿಗೆ ಬೀಳದ ಬಿರುಕುಗಳು ಬೆಳಕಿನ ಗೆರೆಯಾಗಿ ಕಾಣುತ್ತವೆ. ಪೆಟ್ಟು ಬಿದ್ದದ್ದು ಮೂತಿಗಾದರೂ ಅದರ ಆಘಾತ ರೆಕ್ಕೆ ಕೂರುವ ಜಾಗಕ್ಕೂ ಬಾಲದ ಬುಡಕ್ಕೂ ಹೋಗಿರುತ್ತದೆ. ಬಾಲವನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ತಿರುಚಿ. ಟಿಕ್ ಎಂದರೆ ಅಲ್ಲೂ ಕೆಲಸವಿದೆ.

ಒಡಲನ್ನು ಮೊದಲು ಅಂಟಿಲ್ಲದೆ ಜೋಡಿಸಿ, ರಬ್ಬರ್ ಬ್ಯಾಂಡು, ಗುಂಡುಪಿನ್ನುಗಳಿಂದ ಹಿಡಿಸಿ. ಮೇಲಿನಿಂದ ನೋಡಿ ನೇರ ಎನ್ನಿಸಿದ ಮೇಲೆ ತೆಳು ಸಿಎ (ಸೈನೊಅಕ್ರಿಲೇಟ್, ಕ್ಷಣದಲ್ಲಿ ಹಿಡಿಯುವ) ಅಂಟನ್ನು ಸೀಳಿನುದ್ದಕ್ಕೆ ತೊಟ್ಟು ತೊಟ್ಟಾಗಿ ಬಿಡಿ. ಅದು ತಾನಾಗಿ ಒಳಕ್ಕೆ ಇಳಿಯುತ್ತದೆ. ಸಂದು ಬಿಟ್ಟ ಕಡೆ ತೆಳು ಅಂಟು ಸುಮ್ಮನೆ ಸೋರಿಹೋಗುವುದರಿಂದ ಅಲ್ಲಿ ಮಾತ್ರ ದಪ್ಪ ಸಿಎ ಹಾಕಿ. ಸೋರಿದ್ದನ್ನು ಹತ್ತಿಯಲ್ಲೋ ಕಾಟನ್ ಬಟ್ಟೆಯಲ್ಲೋ ಒರೆಸಬೇಡಿ: ಹತ್ತಿಯೂ ಸಿಎಯೂ ಸೇರಿದರೆ ಹೊಗೆಯಾಡುವಷ್ಟು ಬಿಸಿಯಾಗಿ ಚರ್ಮ ಸುಡುತ್ತದೆ. ಸೀಳಿಗೆ ಒಳಗಿನಿಂದ 0.8 ಮಿ.ಮೀ. ಪ್ಲೈವುಡ್ ಪಟ್ಟಿ ಕೊಡಿ, ಸೀಳಿನ ಆಚೆ ಈಚೆ 40 ಮಿ.ಮೀ. ಇದ್ದರೆ ಸಾಕು. ಪಟ್ಟಿಯ ತುದಿಗಳನ್ನು ಚೌಕವಾಗಿ ಬಿಡದೆ ಚೂಪಾಗಿ ಇಳಿಸಿ. ಚೌಕ ತುದಿ ಇರುವಲ್ಲಿ ಗಟ್ಟಿ ಭಾಗ ಹಠಾತ್ತನೆ ಮುಗಿದು ಮೆತ್ತನೆಯ ಬಾಲ್ಸಾ ಶುರುವಾಗುತ್ತದೆ. ಮುಂದಿನ ಸಲ ಸರಿಯಾಗಿ ಅದೇ ಗೆರೆಯಲ್ಲಿ ಮುರಿಯುತ್ತದೆ.

ಫೈರ್‌ವಾಲ್‌ಗೆ ಹಳೆಯದರಷ್ಟೇ ದಪ್ಪದ ಬರ್ಚ್ ಪ್ಲೈವುಡ್ ಕತ್ತರಿಸಿ. ಟ್ರೈನರ್‌ಗಳಲ್ಲಿ ಮೋಟರ್ ಸಾಮಾನ್ಯವಾಗಿ ಎರಡು ಮೂರು ಡಿಗ್ರಿ ಕೆಳಕ್ಕೂ ಸುಮಾರು ಎರಡು ಡಿಗ್ರಿ ಬಲಕ್ಕೂ ಮುಖ ಮಾಡಿರುತ್ತದೆ. ಪ್ಲಾನ್ ಇದ್ದರೆ ಅದನ್ನು ನೋಡಿ, ಇಲ್ಲದಿದ್ದರೆ ಒಡಲಿನ ಪಕ್ಕಗಳಲ್ಲಿ ಹಳೆಯ ಅಂಟಿನ ಗುರುತಿನಿಂದ ಕೋನ ತೆಗೆಯಿರಿ. ಇದನ್ನು ಮರೆತು ನೇರ ಕೂರಿಸಿದರೆ ಥ್ರಾಟಲ್ ಏರಿಸಿದಾಗಲೆಲ್ಲ ವಿಮಾನ ಮೂತಿ ಎತ್ತಿ ಎಡಕ್ಕೆ ಎಳೆಯುತ್ತದೆ. ಇಲ್ಲಿಗೆ ಐದು ನಿಮಿಷದ ಎಪಾಕ್ಸಿ (ಎರಡು ಭಾಗ ಬೆರೆಸಿ ಹಚ್ಚುವ ಅಂಟು) ಬೇಡ, ಮರದೊಳಕ್ಕೆ ಇಳಿಯುವ ಮುನ್ನವೇ ಅದು ಗಟ್ಟಿಯಾಗುತ್ತದೆ. 30 ನಿಮಿಷದ್ದು ಅಥವಾ ನಿಧಾನವಾಗಿ ಒಣಗುವ ಅರಾಲ್ಡೈಟ್ ಬಳಸಿ, ಒಂದು ರಾತ್ರಿ ಮುಟ್ಟದೆ ಬಿಡಿ. ಹಿಂದಿನ ಮೂಲೆಗಳಿಗೆ 10 ಮಿ.ಮೀ. ತ್ರಿಕೋನ ಬಾಲ್ಸಾ ಪಟ್ಟಿ. ಆಮೇಲೆ ಒಡಲಿನ ಪಕ್ಕದಿಂದ ಫೈರ್‌ವಾಲ್‌ನ ಅಂಚಿಗೆ 2 ಮಿ.ಮೀ. ತೂತು ಕೊರೆದು ಒಂದೊಂದು ಕಡೆ ಮೂರು ಬಿದಿರುಕಡ್ಡಿ ಅಂಟು ಹಚ್ಚಿ ತೂರಿಸಿ, ಹೆಚ್ಚಿದ್ದನ್ನು ಕತ್ತರಿಸಿ. ಹಲ್ಲುಕಡ್ಡಿಯೇ ಸಾಕು.

ರೆಕ್ಕೆಯಲ್ಲಿ ಮುಖ್ಯವಾದದ್ದು ಸ್ಪಾರ್, ಅಂದರೆ ರೆಕ್ಕೆಯ ಉದ್ದಕ್ಕೂ ಹೋಗಿ ಭಾರ ಹೊರುವ ಮರದ ಪಟ್ಟಿ. ತುದಿಗೆ ತುದಿ ಸೇರಿಸಿ ಅಂಟಿಸಿದರೆ ಮೊದಲ ತಿರುವಿನಲ್ಲೇ ರೆಕ್ಕೆ ಮಡಚಿಕೊಳ್ಳುತ್ತದೆ. ಓರೆಯಾಗಿ ಕತ್ತರಿಸಿ ಹೊಸ ತುಂಡು ಸೇರಿಸಬೇಕು. ಓರೆಯ ಉದ್ದ ಸ್ಪಾರ್ ದಪ್ಪದ ಹತ್ತರಷ್ಟು, ಅಂದರೆ 6 ಮಿ.ಮೀ. ಸ್ಪಾರ್‌ಗೆ 60 ಮಿ.ಮೀ. ಮೇಲಿನ ಸ್ಪಾರ್‌ನ ಜೋಡಣೆಯೂ ಕೆಳಗಿನದರ ಜೋಡಣೆಯೂ ಒಂದೇ ರಿಬ್‌ಗಳ (ರೆಕ್ಕೆಗೆ ಆಕಾರ ಕೊಡುವ ಅಡ್ಡ ತುಂಡುಗಳ) ನಡುವೆ ಬರದಂತೆ ನೋಡಿಕೊಳ್ಳಿ. ಮೇಲಿನ ಕೆಳಗಿನ ಸ್ಪಾರ್‌ಗಳನ್ನು ಜೋಡಿಸುವ ತೆಳು ಹಲಗೆಗೆ, ಅಂದರೆ ವೆಬ್‌ಗೆ, 1.5 ಮಿ.ಮೀ. ಬಾಲ್ಸಾ, ಮರದ ಎಳೆ ನಿಂತ ದಿಕ್ಕಿನಲ್ಲೇ ಇರಬೇಕು. ಮಲಗಿದ ಎಳೆಯ ವೆಬ್ ಇದ್ದೂ ಇಲ್ಲದಂತೆ. ಪ್ಲಾನ್ ಹಾಳೆಯ ಮೇಲೆ ಪ್ಲಾಸ್ಟಿಕ್ ಹಾಸಿ ರೆಕ್ಕೆಯನ್ನು ಅದಕ್ಕೆ ಪಿನ್ ಮಾಡಿಯೇ ಅಂಟಿಸಿ. ಕೈಯಲ್ಲಿ ಹಿಡಿದು ಅಂಟಿಸಿದ ರೆಕ್ಕೆ ತಿರುಚಿಕೊಳ್ಳದೆ ಇರುವುದು ಅಪರೂಪ.

ಎಲ್ಲ ಮುಗಿದ ಮೇಲೆ ರೆಕ್ಕೆ ಕಟ್ಟಿ, ಎರಡೂ ರೆಕ್ಕೆ ತುದಿಯಿಂದ ಬಾಲದ ನಡುಗೆರೆಗೆ ದಾರ ಹಿಡಿದು ಅಳೆಯಿರಿ. ಮೂರು ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಫಿಲ್ಮ್ ಹಚ್ಚುವ ಮೊದಲೇ ಸರಿಮಾಡಿ.

ಪ್ರಶ್ನೆ: ಹಳೆಯ ಗ್ಲೋ ಎಂಜಿನ್ (ಎಣ್ಣೆ ಬೆರೆಸಿದ ಮೆಥನಾಲ್ ಇಂಧನದ ಸಣ್ಣ ಎಂಜಿನ್) ವಿಮಾನ. ಮೂತಿಯ ಮರ ಎಣ್ಣೆ ಕುಡಿದು ಕಪ್ಪಾಗಿದೆ, ಎಪಾಕ್ಸಿ ಹಿಡಿಯುತ್ತಲೇ ಇಲ್ಲ.
– ಎನ್‌ಸಿಸಿ ಏರ್ ವಿಂಗ್ ಕೆಡೆಟ್, ಬೆಳಗಾವಿ

ಉತ್ತರ: ಗ್ಲೋ ಇಂಧನದಲ್ಲಿರುವ ಹರಳೆಣ್ಣೆ ಅಥವಾ ಸಿಂಥೆಟಿಕ್ ಎಣ್ಣೆ ಉರಿದು ಮುಗಿಯುವುದಿಲ್ಲ, ಮರಕ್ಕೆ ಇಳಿಯುತ್ತದೆ. ಅಸಿಟೋನ್ ಹಚ್ಚಿ ಒದ್ದೆ ಇರುವಾಗಲೇ ಕಾರ್ನ್‌ಫ್ಲೋರ್ ಅಥವಾ ಟಾಲ್ಕಂ ಪುಡಿ ದಪ್ಪಗೆ ಉದುರಿಸಿ. ಪೂರ್ತಿ ಒಣಗಿದ ಮೇಲೆ ಬ್ರಷ್‌ನಿಂದ ಕೊಡವಿ. ಪುಡಿ ಹಳದಿಯಾಗಿ ಬರುತ್ತಿರುವಷ್ಟು ಸಲ ಹೀಗೇ ಮತ್ತೆ ಮತ್ತೆ ಮಾಡಿ, ಬಿಳಿಯಾಗೇ ಉದುರಿದಾಗ ನಿಲ್ಲಿಸಿ. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ. ಉಗುರು ಒತ್ತಿದರೆ ಮರ ಸ್ಪಂಜಿನಂತೆ ಇಳಿದರೆ ಇಷ್ಟೆಲ್ಲ ಶ್ರಮ ದಂಡ, ಆ ಭಾಗ ಕತ್ತರಿಸಿ ಹೊಸದು ಹಾಕಿ. ಹೊಸ ಮರಕ್ಕೆ ತೆಳು ಎಪಾಕ್ಸಿಯ ಒಂದು ಕೋಟ್ ಕೊಟ್ಟರೆ ಮತ್ತೆ ಎಣ್ಣೆ ಹೀರುವುದಿಲ್ಲ.

ಪ್ರಶ್ನೆ: ತೇಪೆ ಹಾಕಿದ ಕಡೆ ಫಿಲ್ಮ್ ಗುಳ್ಳೆ ಏಳುತ್ತದೆ, ಕೆಳಗಿನ ದುರಸ್ತಿ ಗೆರೆಯೂ ಎದ್ದು ಕಾಣುತ್ತದೆ.
– ಓದುಗರು, ಹುಬ್ಬಳ್ಳಿ

ಉತ್ತರ: ಗೆರೆ ಕಾಣುವುದು ಉಜ್ಜಿದ ರೀತಿಯಿಂದ. ಒಣಗಿದ ಸಿಎ ಬಾಲ್ಸಾಕ್ಕಿಂತ ಬಹಳ ಗಟ್ಟಿ. ಉಪ್ಪು ಕಾಗದವನ್ನು ಬೆರಳಲ್ಲಿ ಹಿಡಿದು ಉಜ್ಜಿದರೆ ಪಕ್ಕದ ಮರ ತಗ್ಗಾಗಿ ಅಂಟು ದಿಬ್ಬವಾಗಿ ಉಳಿಯುತ್ತದೆ. ಕಾಗದವನ್ನು ಚಪ್ಪಟೆ ಮರದ ತುಂಡಿಗೆ ಅಂಟಿಸಿ, 120ರಿಂದ ಶುರು ಮಾಡಿ 220, 320 ಎಂದು ಇಳಿಯಿರಿ. ತಗ್ಗಿಗೆ ಮಾದರಿ ವಿಮಾನಕ್ಕೆಂದೇ ಬರುವ ಹಗುರ ಫಿಲ್ಲರ್ ತುಂಬಿ. ಗೋಡೆಗೆ ಹಚ್ಚುವ ಪುಟ್ಟಿ ಬೇಡ: ಭಾರ, ಮೇಲಾಗಿ ಬಾಗಿದರೆ ಉದುರುತ್ತದೆ. ಸಿಎಗೆ ಅಡುಗೆ ಸೋಡಾ ಬೆರೆಸುವುದು ಒಳಗಿನ ಮೂಲೆಗಳಿಗೆ ಸರಿ. ಹೊರಮೈಗೆ ಹಾಕಿದರೆ ಕಲ್ಲಾಗುತ್ತದೆ, ಉಜ್ಜಲಾಗದು.

ಗುಳ್ಳೆಗೆ ಕಾರಣ ಫಿಲ್ಮ್ ಮೇಲೆ ಫಿಲ್ಮ್ ಹಚ್ಚುವಾಗ ನಡುವೆ ಸಿಕ್ಕಿಬೀಳುವ ಗಾಳಿ. ಮರದ ಮೇಲಾದರೆ ಅದು ಮರದೊಳಗೆ ಹೋಗುತ್ತದೆ, ಹಳೆಯ ಫಿಲ್ಮ್ ಮೇಲೆ ಹೋಗಲು ದಾರಿಯಿಲ್ಲ. ಆದ್ದರಿಂದ ತೇಪೆ ಹಳೆಯ ಫಿಲ್ಮನ್ನು ಸುಮಾರು 6 ಮಿ.ಮೀ. ಮಾತ್ರ ದಾಟಲಿ, ಆ ಅಂಚು ಕೆಳಗೆ ಗಟ್ಟಿ ಮರ ಇರುವಲ್ಲಿ ಬರಲಿ. ಆ ಜಾಗವನ್ನು ಸ್ಪಿರಿಟ್‌ನಲ್ಲಿ ಒರೆಸಿ ಜಿಡ್ಡು ತೆಗೆಯಿರಿ. ಪಾಲಿಯೆಸ್ಟರ್ ಫಿಲ್ಮ್‌ಗಳ ಅಂಟು ಸಾಮಾನ್ಯವಾಗಿ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಹಿಡಿಯುತ್ತದೆ, ಬಿಗಿಯಾಗಲು 140–150 ಬೇಕು. ಕಂಪನಿಯಿಂದ ಕಂಪನಿಗೆ ಬದಲಾಗುವುದರಿಂದ ಸುರುಳಿಯ ಜೊತೆಗಿನ ಚೀಟಿಯಲ್ಲಿರುವುದೇ ಪ್ರಮಾಣ. ಮೊದಲು ಅಂಚೆಲ್ಲ ಕಡಿಮೆ ಬಿಸಿಯಲ್ಲಿ ಕೂರಿಸಿ, ಆಮೇಲೆ ನಡುವನ್ನು ಬಿಗಿಸಿ. ಇಸ್ತ್ರಿಪೆಟ್ಟಿಗೆಯ ತಳಕ್ಕೆ ತೆಳು ಬಟ್ಟೆ ಕಟ್ಟಿದರೆ ಗೀರು ಬೀಳದು. ಒಂದು ಮಾತು: ಬಿಸಿಲಿಗೆ ಬಣ್ಣ ಮಾಸಿದ ಫಿಲ್ಮ್‌ಗೆ ಅದೇ ಕಂಪನಿಯ ಹೊಸ ತೇಪೆ ಎಂದೂ ಹೊಂದುವುದಿಲ್ಲ. ಬೇರೆ ಬಣ್ಣದ ಪಟ್ಟೆ ಎಳೆದು ಅದನ್ನೇ ಅಲಂಕಾರ ಮಾಡಿಕೊಳ್ಳುವುದು ಜಾಣತನ.

ಪ್ರಶ್ನೆ: ನನ್ನದು ಇಪಿಒ ಫೋಮ್ (ಥರ್ಮಾಕೋಲಿನಂಥ, ಆದರೆ ಬಾಗುವ ಫೋಮ್) ವಿಮಾನ. ಮೂತಿ ಜಜ್ಜಿದೆ, ಬ್ಯಾಟರಿಯ ಮೂಲೆಯೂ ತಗ್ಗಾಗಿದೆ.
– ಓದುಗರು, ಮಂಗಳೂರು

ಉತ್ತರ: ಜಜ್ಜಿದ ಫೋಮ್‌ಗೆ ಕುದಿಯುವ ನೀರು ಸುರಿಯಿರಿ, ಕಾಳುಗಳು ಉಬ್ಬಿ ಬಹುಮಟ್ಟಿಗೆ ಹಳೆಯ ಆಕಾರಕ್ಕೆ ಬರುತ್ತವೆ. ಅದಕ್ಕೂ ಮೊದಲು ಮೋಟರ್, ಸರ್ವೋ (ರೆಕ್ಕೆ, ಬಾಲದ ಫಲಕಗಳನ್ನು ತಿರುಗಿಸುವ ಸಣ್ಣ ಮೋಟರ್) ತೆಗೆದಿಡಿ. ಇಪಿಒಗೆ ಸಿಎ ನಡೆಯುತ್ತದೆ. ಬಿಳಿ ಥರ್ಮಾಕೋಲಿಗೆ ಮಾಮೂಲಿ ಸಿಎ ಬಿದ್ದರೆ ಕರಗಿ ಗುಳಿಯಾಗುತ್ತದೆ, ಅಲ್ಲಿ ಎಪಾಕ್ಸಿ ಅಥವಾ ಫೋಮ್‌ಗೆಂದೇ ಮಾಡಿದ ಸಿಎ.

ಬ್ಯಾಟರಿ ಲೈಪೊ (ಲಿಥಿಯಂ ಪಾಲಿಮರ್) ಆಗಿದ್ದರೆ ಅದನ್ನು ಮತ್ತೆ ಚಾರ್ಜ್ ಮಾಡಲೇಬೇಡಿ. ಒಳಪದರ ಹರಿದಿದ್ದರೆ ಬೆಂಕಿ ತಡವಾಗಿಯೂ ಹೊತ್ತಿಕೊಳ್ಳಬಹುದು. ಮನೆಯ ಹೊರಗೆ ಮರಳು ತುಂಬಿದ ಮಣ್ಣಿನ ಕುಂಡದಲ್ಲಿಟ್ಟು, ಆಮೇಲೆ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಬಿರುಕು ಬಿಟ್ಟ ಪ್ರೊಪೆಲ್ಲರ್ ಅಂಟಿಸುವ ಯೋಚನೆಯೂ ಬೇಡ.

ಪ್ರಶ್ನೆ: ದುರಸ್ತಿಯಾದ ಮೇಲೆ ವಿಮಾನ ಮೂತಿ ಎತ್ತಿಕೊಂಡೇ ಹಾರುತ್ತದೆ. ಬಾಲ ಮುರಿದಿತ್ತು, ಅಲ್ಲಿ ಚೆನ್ನಾಗಿ ಎಪಾಕ್ಸಿ ಹಾಕಿದ್ದೆ.
– ಓದುಗರು, ಶಿವಮೊಗ್ಗ

ಉತ್ತರ: ಆ "ಚೆನ್ನಾಗಿ" ಹಾಕಿದ ಎಪಾಕ್ಸಿಯೇ ಕಾರಣವಿರಬೇಕು. ಬಾಲವು ಗುರುತ್ವ ಕೇಂದ್ರದಿಂದ 75 ಸೆಂ.ಮೀ. ಹಿಂದೆ, ಮೂತಿ 25 ಸೆಂ.ಮೀ. ಮುಂದೆ ಇದೆ ಎಂದುಕೊಳ್ಳಿ. ಬಾಲಕ್ಕೆ 10 ಗ್ರಾಂ ಸೇರಿದರೆ ಸರಿದೂಗಿಸಲು ಮೂತಿಗೆ 30 ಗ್ರಾಂ ಬೇಕು. ಒಟ್ಟು 40 ಗ್ರಾಂ ಹೆಚ್ಚಾಯಿತು. ಬಾಲದ ಕೆಲಸಕ್ಕೆ ತೆಳು ಸಿಎ, ಮರದ ಅಂಟು, ಬೇಕಾದರೆ ಚದರ ಮೀಟರಿಗೆ 25 ಗ್ರಾಂ ತೂಕದ ಗ್ಲಾಸ್ (ಗಾಜಿನ ನಾರಿನ) ಬಟ್ಟೆ ಅಷ್ಟೇ.

ಈಗ ಬ್ಯಾಟರಿ ಕೂರಿಸಿ, ಹಾರಲು ಸಿದ್ಧವಾದ ಸ್ಥಿತಿಯಲ್ಲಿ ರೆಕ್ಕೆಯಡಿ ಎರಡು ಬೆರಳಿಟ್ಟು ಎತ್ತಿ. ಟ್ರೈನರ್‌ಗೆ ಮುಂದಿನ ಅಂಚಿನಿಂದ ರೆಕ್ಕೆ ಅಗಲದ (ಮುಂದಿನ ಅಂಚಿನಿಂದ ಹಿಂದಿನ ಅಂಚಿಗಿರುವ ಅಳತೆಯ) 25ರಿಂದ 30 ಶೇಕಡಾ ಹಿಂದೆ ಸಮತೂಕ ನಿಲ್ಲಬೇಕು; ಅಗಲ 25 ಸೆಂ.ಮೀ. ಇದ್ದರೆ 62ರಿಂದ 75 ಮಿ.ಮೀ. ಒಳಗೆ. ಮೊದಲು ಬ್ಯಾಟರಿಯನ್ನು ಮುಂದಕ್ಕೆ ತಳ್ಳಿ ನೋಡಿ. ಅದಕ್ಕೆ ಜಾಗವಿಲ್ಲದಿದ್ದರೆ ಮಾತ್ರ ಸೀಸ. ಸಮತೂಕ ಸರಿಯಿದ್ದೂ ಮೂತಿ ಎತ್ತಿದರೆ ಬಾಲದ ರೆಕ್ಕೆ ಕೂತ ಕೋನ ನೋಡಿ: ಅದರ ಹಿಂದಿನ ಅಂಚು ಒಂದೆರಡು ಮಿ.ಮೀ. ಮೇಲೆದ್ದು ಅಂಟಿಕೊಂಡಿದ್ದರೂ ಇದೇ ತೊಂದರೆ.