ಸಾಮಿ ಭಾಷೆಗಳ ಸ್ವಂತ ಪದಗಳು

ಮಾನ್ಯರೆ,

ಅರಸ, ರೊಟ್ಟಿ, ಕುರಿಗಳಂಥವುಗಳಿಗೂ ಸಾಮಿ ಭಾಷೆಗಳು ಎರವಲು ಪದಗಳನ್ನೇ ಬಳಸುವುದಾದರೆ ಅವುಗಳ ಸ್ವಂತದ್ದೆಂದು ಉಳಿಯುವುದೇನು ಎಂದು ಕೇಳಿದ್ದೀರಿ. ಕೈ ಎಂಬರ್ಥದ ಅವರ ‘ಗಿಯೆಹ್ತ’ ನಮ್ಮ ‘ಕೈ’ಗೆ ಬಂಧುವೇ ಎಂಬ ಸಂದೇಹವನ್ನೂ ಮುಂದಿಟ್ಟಿದ್ದೀರಿ.

ನಾರ್ವೆ, ಸ್ವೀಡನ್, ಫಿನ್ಲೆಂಡ್‌ಗಳ ಉತ್ತರದಲ್ಲೂ ರಷ್ಯಾದ ಕೋಲಾ ಪರ್ಯಾಯದ್ವೀಪದಲ್ಲೂ ಬಳಕೆಯಲ್ಲಿರುವ ಈ ಭಾಷೆಗಳು ಫಿನ್ನಿಶ್, ಹಂಗೇರಿಯನ್‌ಗಳಿರುವ ಉರಾಲಿಕ್ ಕುಟುಂಬಕ್ಕೆ ಸೇರಿದವು. ಉತ್ತರ ಸಾಮಿಯ ಗುವೊಲ್ಲಿ (ಮೀನು), ಚಲ್ಬ್ಮಿ (ಕಣ್ಣು), ಗೊಲ್ಬ್ಮ (ಮೂರು) ಇವುಗಳ ಪಕ್ಕದಲ್ಲಿ ಫಿನ್ನಿಶ್ ಭಾಷೆಯ ಕಲ, ಸಿಲ್ಮ, ಕೊಲ್ಮೆಗಳನ್ನಿಟ್ಟು ನೋಡಿದರೆ ಬೇರು ಒಂದೇ ಎಂಬುದು ಕಾಣುತ್ತದೆ.

ಇನ್ನು ಎರವಲನ್ನು ಬಡತನದ ಗುರುತೆಂದು ಎಣಿಸಲು ನಮ್ಮ ಮನಸ್ಸು ಒಪ್ಪದು. ‘ಗೊನಗಸ್’ (ಅರಸ) ಬಂದದ್ದು ರೂನ್ ಎಂಬ ಹಳೆಯ ಲಿಪಿಯ ಶಾಸನಗಳ ಕಾಲದ ನಾರ್ಡಿಕ್ ನುಡಿಯ ‘ಕುನುಂಗಜ್’ ಎಂಬ ರೂಪದಿಂದ. ನಾರ್ವೇಜಿಯನ್ನರ ಬಾಯಲ್ಲಿ ಅದು ಸವೆದು ‘ಕೊಂಗೆ’ ಆಗಿದೆ. ಸಾಲ ಪಡೆದವರು ಮಾತ್ರ ಕೊನೆಯ ವ್ಯಂಜನವನ್ನು ಇಂದಿಗೂ ಕಾಪಾಡಿಕೊಂಡಿದ್ದಾರೆ. ನಾರ್ಡಿಕ್ ನುಡಿಗಳೂ ಸೇರಿದ ಜರ್ಮಾನಿಕ್ ಭಾಷೆಗಳ ಇತಿಹಾಸ ಬರೆಯುವವರು ಸಾಮಿ ನಿಘಂಟುಗಳನ್ನು ತಿರುವಿಹಾಕುವುದು ಇಂಥ ಪದಗಳಿಗಾಗಿಯೇ.

ನೆಲ, ಹವೆ, ಪ್ರಾಣಿಗಳಿಗೆ ಸಂಬಂಧಿಸಿದ ಅನೇಕ ಪದಗಳಿಗೆ ಉರಾಲಿಕ್‌ನಲ್ಲಾಗಲಿ ನೆರೆಯ ಭಾಷೆಗಳಲ್ಲಾಗಲಿ ಮೂಲ ಸಿಕ್ಕಿಲ್ಲ. ಕ್ರಿಸ್ತಶಕದ ಮೊದಲ ಸಹಸ್ರಮಾನದಲ್ಲಿ ದಕ್ಷಿಣದಿಂದ ಈ ಉತ್ತರದ ನಾಡಾದ ಲ್ಯಾಪ್‌ಲ್ಯಾಂಡಿಗೆ ಹರಡಿದ ಸಾಮಿ ನುಡಿಯು ಅಲ್ಲಿ ಮೊದಲಿದ್ದವರ, ಈಗ ಅಳಿದುಹೋಗಿರುವ ಭಾಷೆಗಳಿಂದ ಇವನ್ನು ಪಡೆಯಿತೆಂದು ಭಾಷಾವಿಜ್ಞಾನಿ ಆಂಟೆ ಐಕಿಯೊ ವಾದಿಸಿದ್ದಾರೆ. ನಮಗೆ ಈ ವಾದ ಬಲವಾದದ್ದೆಂದೇ ತೋರುತ್ತದೆ.

ಹಿಮಸಾರಂಗ ಸಾಕಣೆಯ ಪದಸಂಪತ್ತಂತೂ, ಕೆಲವು ಎರವಲುಗಳಿದ್ದರೂ, ಬಹುಪಾಲು ಸಾಮಿಗಳದೇ ದುಡಿಮೆ. ನಾರ್ವೆಯ ಸಾಮಿ ಸಂಸತ್ತಿನ ಮೊದಲ ಅಧ್ಯಕ್ಷರೂ ಭಾಷಾವಿಜ್ಞಾನಿಯೂ ಆದ ಓಲೆ ಹೆನ್ರಿಕ್ ಮಗ್ಗ 2006ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಹಿಮ ಮತ್ತು ಹಿಮಸಾರಂಗಗಳ ಪರಿಭಾಷೆಯನ್ನು ವಿವರಿಸಿದ್ದಾರೆ. ಹಳೆಯ ಹಿಮದ ಮೇಲೆ ಹೊಸದಾಗಿ ಬಿದ್ದ ಹಿಮ ‘ವಹ್ತ್ಸ’. ಮೇಲೆ ನಡೆದಾಡಬಹುದಾದಷ್ಟು ಗಟ್ಟಿಗೊಂಡ ಹೊರಪದರ ‘ತ್ಸುವೊಙು’. ಅಡಿಯಲ್ಲಿನ ಹರಳುಹರಳಾದ ಹಿಮ ‘ಸೆಯಙಾಶ್’. ಹಿಮದಡಿಯ ಕಲ್ಲುಹೂವನ್ನು ಪ್ರಾಣಿ ಕೆದಕಿ ತಿನ್ನಬಲ್ಲುದೇ, ಹಿಂಡನ್ನು ಇಂದು ದಾಟಿಸಬಹುದೇ ಎಂಬ ತೀರ್ಮಾನಗಳು ಈ ಭೇದಗಳನ್ನೇ ನೆಚ್ಚಿಕೊಂಡಿವೆ. ಪ್ರಾಣಿಗೂ ಹಾಗೆಯೇ: ಆ ವರ್ಷದ ಕರು ‘ಮಿಯೆಸ್ಸಿ’, ವರ್ಷ ತುಂಬಿದ ಕರು ‘ಚೆಯರ್ಪ್ಮತ್’, ಬೀಜ ಒಡೆದು ಜಾರುಬಂಡಿಗೆ ಪಳಗಿಸಿದ್ದು ‘ಹೆಯರ್ಗಿ’. ‘ಹಿಮಕ್ಕೆ ನೂರಾರು ಹೆಸರು’ ಎಂದು ಬೆರಗಿನಿಂದ ಬರೆಯುವವರು ಈ ಕಸುಬನ್ನು ಹೇಳಲು ಮರೆಯುತ್ತಾರೆ.

ಹೊಸ ವಸ್ತುಗಳ ವಿಷಯದಲ್ಲಿ ಎರಡೂ ದಾರಿ ತೆರೆದಿವೆ. ಕಾರು ನೆರೆಯವರಿಂದ ‘ಬೀಲ’ ಆಗಿ ಬಂತು. ಕಂಪ್ಯೂಟರಿಗೆ ಅರಿವು ಎಂಬರ್ಥದ ‘ದಿಯೆಹ್ತು’ವಿನಿಂದ ‘ದಿಹ್ತೊರ್’ ಎಂದೂ ವಿಮಾನಕ್ಕೆ ಹಾರುವ ಕ್ರಿಯೆಯಿಂದ ‘ಗಿರ್ದಿ’ ಎಂದೂ ಹೆಸರಿಟ್ಟುಕೊಂಡರು.

ಕೈಯ ವಿಚಾರ. ದ್ರಾವಿಡ ಭಾಷೆಗಳನ್ನು ಫಿನ್ನಿಶ್ ಮೊದಲಾದವುಗಳೊಡನೆ ಸೇರಿಸಬಹುದೆಂದು ದ್ರಾವಿಡ ಭಾಷೆಗಳ ವ್ಯಾಕರಣ ಬರೆದ ಕಾಲ್ಡ್‌ವೆಲ್ 1856ರಲ್ಲೇ ಸೂಚಿಸಿದ್ದರು. 1940ರ ದಶಕದಲ್ಲಿ ಭಾಷಾವಿಜ್ಞಾನಿ ಟಿ. ಬರೋ ದೇಹಾಂಗಗಳ ಹೆಸರುಗಳನ್ನೇ ಹಿಡಿದು ಹೋಲಿಸಿದರು. ಆದರೆ ಬಂಧುತ್ವ ಸಿದ್ಧವಾಗಲು ಒಂದೇ ಧ್ವನಿನಿಯಮ ಬಹಳಷ್ಟು ಪದಗಳಲ್ಲಿ ತಪ್ಪದೆ ಕಾಣಬೇಕು. ಫಿನ್ನಿಶ್‌ನೊಡನೆ ಅದು ಕಾಣುತ್ತದೆ, ಕನ್ನಡದೊಡನೆ ಕಾಣುವುದಿಲ್ಲ. ಇಂದಿನ ವಿದ್ವಾಂಸರಲ್ಲಿ ಹೆಚ್ಚಿನವರು ಆ ವಾದವನ್ನು ಒಪ್ಪುವುದೂ ಇಲ್ಲ. ಉತ್ತರ ಸಾಮಿಯಲ್ಲಿ ‘ನಮ್ಮ’ ಎಂಬ ಪದವೂ ಇದೆ. ಅದರ ಅರ್ಥ ‘ಹೆಸರು’.

— ಸಂಪಾದಕ